ಕಲಾ ವಿದ್ಯಾರ್ಥಿಯೂ ಮೋಟಾರಿನ ಹುಬ್ಬೂ

ಗವಿಮಠದ ಜಾತ್ರೆಗೆ ಇನ್ನೊಂದು ವಾರವಿದ್ದಾಗ, ಹಳಗನ್ನಡದ ತರಗತಿಯಲ್ಲಿ ಕುಳಿತು ನಾನು ಎರಡೂ ಕೈಗಳನ್ನು ಮೊಣಕೈಯವರೆಗೆ ಕೆರೆದುಕೊಳ್ಳುತ್ತಿದ್ದೆ. ಗುರುಗಳು ಪಾಠ ನಿಲ್ಲಿಸಿ, "ಏನಪ್ಪಾ, ಕಜ್ಜಿಯೋ?" ಎಂದು ಕೇಳಿದರು. "ಅಲ್ಲ ಸರ್, ಗಾಜಿನ ನಾರು" ಎಂದೆ. "ಗಾಜಿನ ನಾರು ನಿನಗೇಕಪ್ಪಾ?" "ಕಾಕಾನ ಮೋಟಾರಿಗೆ ಹುಬ್ಬು ಮಾಡುತ್ತಿದ್ದೇನೆ ಸರ್." ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಗುರುಗಳೂ ನಕ್ಕರು, ನಾನೂ ನಕ್ಕೆ. ಗಂಟೆಯಾದ ಮೇಲೆ ಹಿಂದಿನ ಬೆಂಚಿನ ಮಿತ್ರನೊಬ್ಬ ನನ್ನ ಹೆಗಲ ಮೇಲೆ ಕೈಯಿಟ್ಟು, "ಲೇ, ಬಿ.ಎ. ಓದಾಂವಗ ಗ್ಯಾರೇಜಿನ ಉಸಾಬರಿ ಯಾಕಲೇ?" ಎಂದ. ಆಗ ಉತ್ತರ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಆಂತರಿಕ ಪರೀಕ್ಷೆ ಬಂದುಬಿಟ್ಟಿತ್ತು. ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ಸಂಪಾದಕ ಮಂಡಳಿಯವರು ಸೂಚನಾ ಫಲಕಕ್ಕೆ ಚೀಟಿ ಹಚ್ಚಿದ್ದಾರೆ. ಆದ್ದರಿಂದ ಆ ಮಿತ್ರನಿಗೆ ಸಲ್ಲಬೇಕಾದ ಉತ್ತರವನ್ನು ಇಲ್ಲಿಯೇ ಸಲ್ಲಿಸುತ್ತೇನೆ. ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಮೊದಲು ಹುಬ್ಬೆಂದರೇನೆಂಬುದನ್ನು ಹೇಳಬೇಕು. ನಮ್ಮ ಮನೆ ಭಾಗ್ಯನಗರದಲ್ಲಿ. ಕಾಕಾ ಮೊದಲು ಮಗ್ಗದಲ್ಲಿ ಕುಳಿತವರು. ಮಗ್ಗದ ಮೇಲೆ ಸಂಸಾರ ಸಾಗದೆಂದು ಮನಗಂಡ ಮೇಲೆ ಹಳೆಯದೊಂದು ಅಂಬಾಸಿಡರ್ ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾರೆ. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಆದರೂ ಮದುವಣಿಗನನ್ನು ಅಂಬಾಸಿಡರಿನಲ್ಲಿಯೇ ಕೂಡಿಸಬೇಕೆನ್ನುವ ಬೀಗರು ನಮ್ಮ ಕಡೆ ಇನ್ನೂ ಇದ್ದಾರೆ; ಕಾಕಾನ ಮನೆಯ ಒಲೆ ಉರಿಯುತ್ತಿರುವುದು ಅವರಿಂದ. ಆ ಗಾಡಿಯ ಮುಂದೀಪಗಳ ಸುತ್ತಲಿನ ಬಿಳಿಯ ಬಳೆಗಳು ತುಕ್ಕು ತಿಂದು ಚೂರುಚೂರಾಗಿದ್ದವು. ಹೊಸ ಬಳೆ ಅಂಗಡಿಯಲ್ಲಿ ಸಿಗುವುದಿಲ್ಲವೆಂದಲ್ಲ. ಆದರೆ ಕಾಕಾ ಎಲ್ಲಿಯೋ ಒಂದು ಹಳೆಯ ಗಾಡಿಯ ದೀಪಗಳ ಮೇಲೆ ಮುಂಚಾಚಿದ ಹುಬ್ಬುಗಳನ್ನು ನೋಡಿ ಬಂದಿದ್ದರು. ಅಂದಿನಿಂದ ಅವರಿಗೆ ಅದೇ ಧ್ಯಾನ. ಬಳೆ ಮತ್ತು ಹುಬ್ಬು ಒಂದಾಗಿ, ಗಾಡಿಯ ಮೈಗೆ ಕೂಡಿಕೊಂಡಿರುವಂಥ ಕಟ್ಟು ಬೇಕು. ಬೇಸಿಗೆ ರಜೆಯಲ್ಲಿದ್ದ ನಾನು, "ನಾ ಮಾಡಿಕೊಡ್ತೀನಿ ಬಿಡು ಕಾಕಾ" ಎಂದುಬಿಟ್ಟೆ.

ಇದು ಬರಿಯ ಶೋಕಿಯಲ್ಲವೇ ಎಂದು ಗಂಭೀರ ಸ್ವಭಾವದ ಓದುಗರು ಕೇಳಬಹುದು. ಶೋಕಿಯೇ. ಆದರೆ ಕಾರಹುಣ್ಣಿಮೆಗೆ ಎತ್ತಿನ ಕೋಡು ಕೆತ್ತಿಸಿ, ಬಣ್ಣ ಬಳಿದು, ಹಿತ್ತಾಳೆಯ ಅಣಸು ತೊಡಿಸಿ, ಹಣೆಗೆ ಕಟ್ಟುವ ಗೊಂಡೆಯನ್ನು ಮನೆಯಲ್ಲಿಯೇ ಹೆಣೆಯುವ ರೈತನನ್ನು ನಾವು ಶೋಕಿಲಾಲನೆಂದು ಕರೆಯುವುದಿಲ್ಲ. ಅದಕ್ಕೆ ಜಾನಪದವೆಂದು ಹೆಸರಿಟ್ಟು ಪ್ರಬಂಧ ಬರೆಯುತ್ತೇವೆ. ಅನ್ನ ಕೊಡುವ ಎತ್ತಿಗೆ ಸಲ್ಲುವ ಶೃಂಗಾರ ಅನ್ನ ಕೊಡುವ ಅಂಬಾಸಿಡರಿಗೆ ಏಕೆ ಸಲ್ಲಬಾರದೋ ನನಗೆ ತಿಳಿಯದು.

ಕೆಲಸಕ್ಕೆ ಬೇಕಾದ ಸಾಮಾನು ತರಲು ಹುಬ್ಬಳ್ಳಿಗೆ ಹೋದೆ. ಗಾಜಿನ ನಾರನ್ನು ಅಂಗಡಿಯವರು 'ಮ್ಯಾಟ್' ಎನ್ನುತ್ತಾರೆ. ಚದರ ಮೀಟರಿಗೆ 300 ಗ್ರಾಂ ತೂಗುವ ತೆಳುವಾದ ಬಿಳಿಯ ಹಾಸು. ಬೆರಳುದ್ದದ ಗಾಜಿನ ಎಳೆಗಳು ದಿಕ್ಕುದೆಸೆಯಿಲ್ಲದೆ ಒಂದರ ಮೇಲೊಂದು ಬಿದ್ದು ಹತ್ತಿಕೊಂಡಿರುತ್ತವೆ. ತಲೆಗೂದಲನ್ನು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ ನಮ್ಮ ಊರಿನ ಬಹುಮಂದಿ ಹೆಂಗಸರ ಹೊಟ್ಟೆಪಾಡು ಎಂಬುದನ್ನು ಕೊಪ್ಪಳದವರೆಲ್ಲ ಬಲ್ಲರು. ಮ್ಯಾಟಿನ ಸುರುಳಿ ಬಿಚ್ಚಿದಾಗ ಪಕ್ಕದ ಮನೆಯ ಅತ್ತಿ ಬಂದು, ಎರಡು ಬೆರಳಿನಿಂದ ಮುಟ್ಟಿ ನೋಡಿ, "ಯಾವ ಮುದುಕಿ ಕೂದಲೋ ಇದು? ಬಾಚಲಿಕ್ಕೆ ಬರಂಗಿಲ್ಲ, ಒಗಿ ಆಚೆ" ಎಂದರು. ಅವರ ತೀರ್ಪು ಅವರ ಕಸುಬಿನ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಇಲ್ಲಿ ಬಾಚದಿರುವುದೇ ಗುಣ: ಎಳೆಗಳು ಎಲ್ಲ ದಿಕ್ಕಿಗೂ ಬಿದ್ದಿರುವುದರಿಂದ ವಸ್ತು ಯಾವ ದಿಕ್ಕಿನ ಎಳೆತವನ್ನಾದರೂ ತಡೆಯುತ್ತದೆ.

ಈ ಹಾಸಿನ ಮೇಲೆ ರಾಳ ಹಚ್ಚಬೇಕು. ಪಾಲಿಯೆಸ್ಟರ್ ರೆಸಿನ್ ಎಂದು ಅದರ ಹೆಸರು. ಜೇನಿನಂತೆ ಮಂದ, ಮೂಗು ಬಿರಿಯುವಂಥ ವಾಸನೆ. ನೂರು ಗ್ರಾಂ ರಾಳಕ್ಕೆ ಒಂದೆರಡು ಗ್ರಾಂ ಹಾರ್ಡ್ನರ್ ಬೆರೆಸಿದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ, ಮೊಸರಿನಂತೆ ಹೆಪ್ಪುಗಟ್ಟಿ, ಕೊನೆಗೆ ಕಲ್ಲಾಗುತ್ತದೆ. ನೇಕಾರರ ಮನೆಯವನಿಗೆ ಇದರ ಮರ್ಮ ತಿಳಿಯಲು ಕಷ್ಟವಾಗಲಿಲ್ಲ. ನೂಲಿಗೆ ಎಳೆತ ತಾಳುವ ಶಕ್ತಿಯುಂಟು, ನೆಟ್ಟಗೆ ನಿಲ್ಲುವ ಶಕ್ತಿಯಿಲ್ಲ. ಗಂಜಿಗೆ ನಿಲ್ಲಿಸುವ ಶಕ್ತಿಯುಂಟು, ಆದರೆ ಒಂಟಿಯಾಗಿ ಒಣಗಿದರೆ ಪುಡಿಪುಡಿ. ಎರಡೂ ಕೂಡಿದಾಗ ಎರಡರಲ್ಲೂ ಇಲ್ಲದ ಮೂರನೆಯ ಗುಣ ಹುಟ್ಟುತ್ತದೆ.

ಇಂಥ ವಸ್ತುವಿನಿಂದ ಇಡೀ ಮೋಟಾರನ್ನೇ ಮಾಡಿದವರಿದ್ದಾರೆ. ಅಮೆರಿಕದ ಜನರಲ್ ಮೋಟಾರ್ಸಿನವರು 1953ರಲ್ಲಿ ಕಾರ್ವೆಟ್ ಎಂಬ ಕಾರಿನ ಮೈಯನ್ನು ಹೀಗೆಯೇ ಮಾಡಿದರು. ಮೊದಲ ವರ್ಷ ಹೊರಬಂದದ್ದು 300 ಗಾಡಿ. ನಮ್ಮ ನಾಡಿನಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಎಪ್ಪತ್ತರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಕಾರನ್ನೂ, 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯ ಮೇಲೆ ಡಾಲ್ಫಿನ್ ಎಂಬ ಪುಟ್ಟ ಕಾರನ್ನೂ ತಂದಿತು. ಎರಡಕ್ಕೂ ಫೈಬರ್ ಗ್ಲಾಸಿನ ಮೈ. 1983ರ ಡಿಸೆಂಬರಿನಲ್ಲಿ ಉಕ್ಕಿನ ಮೈಯ ಮಾರುತಿ 800 ಬಂತು, ಡಾಲ್ಫಿನ್ ಅದರ ಮುಂದೆ ನಿಲ್ಲಲಾರದೆ ಹೋಯಿತು. ಇದರ ಕಾರಣ ಸ್ವಾರಸ್ಯವಾಗಿದೆ. ಉಕ್ಕಿನ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚುಗಳಿಗೆ ಅಪಾರ ಹಣ ಬೇಕು, ಆದರೆ ಒಮ್ಮೆ ಅಚ್ಚು ಕೂತಿತೆಂದರೆ ಕ್ಷಣಕ್ಕೊಂದು ಭಾಗ ಉದುರುತ್ತದೆ. ಫೈಬರ್ ಗ್ಲಾಸಿಗೆ ಅಚ್ಚಿನ ಖರ್ಚು ಅಲ್ಪ. ಆದರೆ ಪ್ರತಿಯೊಂದು ಭಾಗಕ್ಕೂ ಮನುಷ್ಯ ನಿಂತು, ಕುಂಚ ಹಿಡಿದು, ರಾಳ ಕುಡಿಸಿ, ಆರುವ ತನಕ ಕಾಯಬೇಕು. ಲಕ್ಷಗಟ್ಟಲೆ ಮಾಡುವವನಿಗೆ ಅದು ನಷ್ಟ. ಎರಡೇ ಎರಡು ಹುಬ್ಬು ಬೇಕಾದ ನನ್ನಂಥವನಿಗೆ ಅದೇ ಗತಿ. ಕಾರ್ಖಾನೆ ಬಿಟ್ಟುಕೊಟ್ಟ ಜಾಗದಲ್ಲಿ ಮನೆಯ ಅಂಗಳ ಬರುತ್ತದೆ.

ಅಂಗಳಕ್ಕೆ ಬಂದರೆ ನನ್ನ ಪರಾಕ್ರಮ ಹೀಗಿತ್ತು. ಮೊದಲ ಸಲ ಥರ್ಮೊಕೋಲಿನಲ್ಲಿ ಚೆಂದವಾಗಿ ಹುಬ್ಬಿನ ಆಕಾರ ಕೆತ್ತಿ, ಅದರ ಮೇಲೆ ನೇರವಾಗಿ ರಾಳ ಬಳಿದೆ. ನೋಡನೋಡುತ್ತ ಥರ್ಮೊಕೋಲು ಬಿಸಿನೀರು ಬಿದ್ದ ಬೆಲ್ಲದಂತೆ ಕುಸಿದು ಮಾಯವಾಯಿತು. ರಾಳದಲ್ಲಿ ಸ್ಟೈರೀನ್ ಎಂಬ ದ್ರವವಿರುತ್ತದೆ, ಥರ್ಮೊಕೋಲು ಪಾಲಿಸ್ಟೈರೀನ್. ಅದು ಇದನ್ನು ಕರಗಿಸಿಬಿಡುತ್ತದೆ. ಈ ಮಾತನ್ನು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ಮಿತ್ರ ಮಾರನೆಯ ದಿನ ಹೇಳಿದ. ಹಿಂದಿನ ದಿನ ಹೇಳಿದ್ದರೆ ಹಣ ಉಳಿಯುತ್ತಿತ್ತು. ಎರಡನೆಯ ಸಲ ಆಕಾರವನ್ನು ಗಾಡಿಯ ಮೈಮೇಲೆಯೇ ಕುಂಬಾರ ಮಣ್ಣಿನಿಂದ ಮೆತ್ತಿ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದೆ. ಅಚ್ಚಿಗೆ ಮೇಣ ತಿಕ್ಕಿ, ಒಂದು ಡಬ್ಬಿ ರಾಳವನ್ನು ಒಮ್ಮೆಗೇ ಕಲಸಿಟ್ಟುಕೊಂಡೆ. ಅದು ಮೇ ತಿಂಗಳು. ಕೊಪ್ಪಳದ ಬಿಸಿಲು ನಲವತ್ತು ಡಿಗ್ರಿಯ ನೆರೆಹೊರೆಯಲ್ಲಿತ್ತು. ಅರ್ಧ ಹುಬ್ಬಿಗೆ ನಾರು ಹಚ್ಚುವುದರೊಳಗೆ ಡಬ್ಬಿಯಿಂದ ಹೊಗೆಯೆದ್ದಿತು, ಕುಂಚ ಅದರಲ್ಲಿಯೇ ಕಂಬದಂತೆ ನಿಂತಿತು. ಬಿಸಿಲಿನಲ್ಲಿ ಹಾರ್ಡ್ನರ್ ಕಡಿಮೆ ಮಾಡಬೇಕು, ರಾಳವನ್ನು ಸ್ವಲ್ಪಸ್ವಲ್ಪವೇ ಕಲಸಬೇಕು, ಬೆಳಗಿನ ಆರರಿಂದ ಎಂಟರೊಳಗೆ ಕೆಲಸ ಮುಗಿಸಬೇಕು ಎಂಬ ಮೂರು ಪಾಠ ಒಂದೇ ದಿನ ಆದವು.

ಇಲ್ಲಿ ವಿನೋದವನ್ನು ಬದಿಗಿಟ್ಟು ಒಂದು ಮಾತು. ಈ ಹಾರ್ಡ್ನರ್ ಆಟದ ವಸ್ತುವಲ್ಲ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ರಾಳ ಬೇಗ ಗಟ್ಟಿಯಾಗಲೆಂದು ಬೆರೆಸುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನು ಅದರೊಡನೆ ನೇರವಾಗಿ ಎಂದೂ ಕೂಡಿಸಕೂಡದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ರಾಳಕ್ಕೆ ಮೊದಲು ಬೆರೆಸಿ, ಚೆನ್ನಾಗಿ ಕಲಕಿದ ಮೇಲೆಯೇ ಇದು. ಸ್ಟೈರೀನಿನ ಆವಿ ತಲೆ ತಿರುಗಿಸುತ್ತದೆ, ಗಾಜಿನ ಧೂಳು ಶ್ವಾಸಕ್ಕೆ ಹೋಗುತ್ತದೆ. ಕನ್ನಡಕ, ಕೈಚೀಲ, ಆವಿ ತಡೆಯುವ ಮುಖವಾಡ ಮತ್ತು ಬಯಲು, ಈ ನಾಲ್ಕಿಲ್ಲದೆ ಯಾವ ಮಿತ್ರರೂ ಇದಕ್ಕೆ ಕೈ ಹಾಕಬಾರದು. ಕೈಚೀಲವಿಲ್ಲದೆ ಉಜ್ಜಿದವನ ಅವಸ್ಥೆಯನ್ನು ಹಳಗನ್ನಡದ ತರಗತಿ ನೋಡಿದೆ.

ಹೇಗೋ ಆಯುಧಪೂಜೆಯ ಹೊತ್ತಿಗೆ ಮೊದಲ ಜೋಡಿ ಸಿದ್ಧವಾಯಿತು. ನಾನು ಹುಬ್ಬೆಂದು ಆರಂಭಿಸಿದ್ದು ಕೆತ್ತುತ್ತ ಕೆತ್ತುತ್ತ ರೆಪ್ಪೆಯಾಗಿತ್ತು. ದೀಪದ ಗಾಜಿನ ಮೇಲ್ಭಾಗವನ್ನು ಮೂರರಲ್ಲೊಂದು ಪಾಲು ಮುಚ್ಚುವಂತೆ ಇಳಿದಿತ್ತು. ಅರೆಗಣ್ಣು ಮುಚ್ಚಿದ ಬಸವಣ್ಣನಂತೆ ಗಾಡಿ ಬಲು ಗತ್ತಿನಿಂದ ಕಾಣುತ್ತಿತ್ತು. ಬಾಳೆಕಂಬ ಕಟ್ಟಿ, ಕುಂಬಳಕಾಯಿ ಒಡೆದು, ಓಣಿಯವರೆಲ್ಲ ನೋಡಿ ಹೊಗಳಿದರು. ಕಾಕಾ ರಾತ್ರಿ ದೀಪ ಹಾಕಿ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿದರು. ಮೇಲಿನ ಬೆಳಕು ಚೆನ್ನಾಗಿಯೇ ಬಿತ್ತು. ನಮಗೆ ಅಷ್ಟೇ ಸಾಕಾಯಿತು.

ಡಿಸೆಂಬರಿನಲ್ಲಿ ಗಂಗಾವತಿಯಿಂದ ಒಂದು ನಿಶ್ಚಿತಾರ್ಥ ಮುಗಿಸಿ ಮರಳುತ್ತಿದ್ದೆವು. ಭತ್ತದ ಕೊಯ್ಲಿನ ಕಾಲ. ಕಾಕಾ ನಡೆಸುತ್ತಿದ್ದರು, ನಾನು ಪಕ್ಕದಲ್ಲಿ, ಹಿಂದೆ ಕಾಕಿ ಮತ್ತು ಇಬ್ಬರು ಮಕ್ಕಳು ನಿದ್ದೆಯಲ್ಲಿ. ಎದುರಿನಿಂದ ಲಾರಿ ಬಂತೆಂದು ಕಾಕಾ ಬೆಳಕನ್ನು ಕೆಳಕ್ಕಿಳಿಸಿದರು. ಇಳಿಸಿದೊಡನೆ ರಸ್ತೆಯೇ ಇಲ್ಲವಾಯಿತು! ಲಾರಿ ದಾಟಿ ಹೋದ ಮರುಗಳಿಗೆಯಲ್ಲಿ ನಮ್ಮ ಮುಂದೆ, ಹತ್ತು ಮಾರಿನಲ್ಲಿ, ಹಿಂದೀಪವಿಲ್ಲದ ಭತ್ತದ ಟ್ರೇಲರು. ಕಾಕಾ ಬ್ರೇಕನ್ನೊತ್ತಿ ಎಡಕ್ಕೆ ಎಳೆದರು. ಗಾಡಿ ರಸ್ತೆಯಿಂದಿಳಿದು ಮಣ್ಣಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ಎದ್ದು ಅತ್ತವು. ಕಾಕಾ ಇಳಿದು ಹೋಗಿ ಗಾಡಿಯ ಮುಂದೆ ಬಹಳ ಹೊತ್ತು ನಿಂತರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನಾಳೆ ಇದನ್ನ ತಗದಬಿಡು ತಮ್ಮಾ" ಎಂದರು, ಅಷ್ಟೇ.

ಮರುದಿನ ದೀಪ ಬಿಚ್ಚಿ ನೋಡಿದ ಮೇಲೆ ತಿಳಿಯಿತು. ನಮ್ಮ ಗಾಡಿಯಲ್ಲಿರುವಂಥ ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ. ಕೆಳಬೆಳಕಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲುಂಟು. ಆದ್ದರಿಂದ ಅದರ ಬೆಳಕೆಲ್ಲ ಹಿಂದಿನ ಕನ್ನಡಿಯ ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ರಸ್ತೆಗೆ ಬರುತ್ತದೆ. ನಾನು ಮುಚ್ಚಿದ್ದು ಅದೇ ಮೇಲಿನ ಭಾಗವನ್ನು. ಗೋಡೆಯ ಪರೀಕ್ಷೆಯಲ್ಲಿ ನಾವು ಕೆಳಬೆಳಕನ್ನು ಹಾಕಿಯೇ ಇರಲಿಲ್ಲ. ಕಾರ್ಖಾನೆ ಮಾಡಿದ ವಾಹನದ ಮೂಲ ಲಕ್ಷಣ ಬದಲಾಗುವಂತೆ ಮಾರ್ಪಾಟು ಮಾಡಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅದನ್ನು ಓದಿದಾಗ ಮೊದಲು ನನಗೆ, ಬಡವನ ಚಿಕ್ಕ ಚಪಲಕ್ಕೂ ಸರ್ಕಾರದ ಅಡ್ಡಿಯೇ ಎನಿಸಿತ್ತು. ಆ ರಾತ್ರಿಯ ಮೇಲೆ ಹಾಗೆನಿಸುವುದಿಲ್ಲ. ದೀಪದ ಸುತ್ತ ಏನು ಬೇಕಾದರೂ ಅಲಂಕಾರವಿರಲಿ, ಗಾಜಿನ ಮೇಲೆ ಎಳ್ಳಷ್ಟೂ ಬರಬಾರದು.

ಮಿತ್ರನೊಬ್ಬನ ಊರು ಕಿನ್ನಾಳ. "ಸುಮ್ಮನ ನಮ್ಮೂರ ಚಿತ್ರಗಾರರ ಕಡೆ ಒಮ್ಮೆ ಬಾ" ಎಂದು ಅವನು ಕರೆದದ್ದು ಆ ಸಮಯದಲ್ಲಿ. ಕಿನ್ನಾಳ ಕೊಪ್ಪಳದಿಂದ ಅರ್ಧ ಗಂಟೆಯ ದಾರಿ. ಅಲ್ಲಿಯ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದನ್ನು ನಾವೆಲ್ಲ ಸಾಮಾನ್ಯ ಜ್ಞಾನಕ್ಕಾಗಿ ಬಾಯಿಪಾಠ ಮಾಡಿದ್ದೇವೆ. ಹಿರಿಯರೊಬ್ಬರು ಗರುಡನ ಬೊಂಬೆಗೆ ಕೈ ಹಚ್ಚಿ ಕುಳಿತಿದ್ದರು. ಹಗುರ ಮರದಲ್ಲಿ ಕೆತ್ತಿದ ಅಂಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿತ್ತು. ಗೋಣಿಯ ನಾರನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನೊಡನೆ ಅದೇ ಅಂಟಿನಲ್ಲಿ ಕಲಸಿದ್ದು 'ಕಿಟ್ಟ'. ಅದನ್ನು ಮೈತುಂಬ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚಿಕ್ಕ ಚಿಕ್ಕ ತುಂಡುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ನುಣುಪಾದ ಲೇಪ, ಆಮೇಲೆ ಬಣ್ಣ. ನಾನು ಬಾಯಿ ತೆರೆದು ನೋಡುತ್ತಿದ್ದೆ. ನಾರು, ಅಂಟು, ಬಟ್ಟೆ, ನುಣುಪು ಲೇಪ: ನಾನು ಬೇಸಿಗೆಯಿಡೀ ಒದ್ದಾಡಿದ್ದು ಇದರೊಡನೆಯೇ. ವ್ಯತ್ಯಾಸವೆಂದರೆ ಅವರದು ಒಳಗಿನಿಂದ ಹೊರಗೆ ಬೆಳೆಯುತ್ತದೆ. ಅಚ್ಚಿನಲ್ಲಿ ಮಾಡುವ ನಮ್ಮದು ನುಣುಪು ಲೇಪದಿಂದ ಮೊದಲಾಗಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ.

ಕಿನ್ನಾಳದವರು ಫೈಬರ್ ಗ್ಲಾಸನ್ನು ಮೊದಲೇ ಕಂಡುಹಿಡಿದಿದ್ದರೆಂದು ನಾನು ಸಾಧಿಸಹೊರಟಿಲ್ಲ. ಹಾಗೆ ಸಾಧಿಸುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಹುಣಸೆಯ ಅಂಟು ನೀರಿಗೆ ಮೆತ್ತಗಾಗುತ್ತದೆ. ಆ ಬೊಂಬೆಯನ್ನು ಒಂದು ಮಳೆಗಾಲ ಮೋಟಾರಿನ ಮೂತಿಗೆ ಕಟ್ಟಿದರೆ ಗರುಡನ ಗತಿ ಏನಾದೀತು! ನಾನು ಹೇಳುವುದು ಬೇರೆ. ಚೀಲದಲ್ಲಿದ್ದ ನನ್ನ ರೆಪ್ಪೆಯನ್ನು ತೆಗೆದು ಅವರ ಕೈಗೆ ಕೊಟ್ಟು, "ಅಜ್ಜಾರ, ಇದರಾಗ ಏನ ತಪ್ಪೈತ್ರಿ?" ಎಂದೆ. ಅವರು ಆ ವಸ್ತುವನ್ನು ಹಿಂದೆ ಕಂಡವರಲ್ಲ. ಅದನ್ನು ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಟಕಟಕನೆ ಬಡಿಯುತ್ತ ತುದಿಯಿಂದ ತುದಿಗೆ ಹೋದರು. ಒಂದು ಕಡೆ ಸದ್ದು ಬೊಳ್ಳಾಯಿತು. "ಇಲ್ಲಿ ಅರಿವಿ ಹತ್ತಿಲ್ಲ ತಮ್ಮಾ. ಒಳಗ ಗಾಳಿ ಕುಂತೈತಿ" ಎಂದರು. ಬ್ಲೇಡಿನಿಂದ ಬಿಡಿಸಿದೆ, ಅಂಗುಲದಗಲದ ಟೊಳ್ಳು. ಆಮೇಲೆ ಹೇಳಿದರು: ಒಮ್ಮೆಗೇ ದಪ್ಪ ಬಡಿಯಬೇಡ, ತೆಳ್ಳಗೆ ಹಚ್ಚು, ಆರಲಿ, ಮೂಲೆಯಲ್ಲಿ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಬೇಡ, ಹರಿದು ಹಚ್ಚು, ಅಂಚು ಅಂಚಿನೊಳಗೆ ಕರಗುತ್ತದೆ. ಗಾಜಿನ ಹಾಸಿಗೂ ಈ ಎರಡು ಮಾತು ಅಕ್ಷರಶಃ ಸಲ್ಲುತ್ತವೆಂಬುದನ್ನು ಜನವರಿಯಲ್ಲಿ ನಾನು ಮಾಡಿ ನೋಡಿದ್ದೇನೆ. ಉಳಿದಿದ್ದ ರಾಳದ ಶೀಸೆಯ ಮುಚ್ಚಳ ತೆಗೆದು ತೋರಿಸಿದಾಗ ಅವರು ಮೂಸಿ ನೋಡಿ, ದೂರ ಸರಿಸಿ, "ಇದನ್ನ ಮಂದಿ ಮಲಗೋ ಮನ್ಯಾಗ ಇಡಬ್ಯಾಡ" ಎಂದರು. ಅದೂ ಸರಿಯೇ.

ಈಗ ನನ್ನ ಮಿತ್ರನ ಪ್ರಶ್ನೆಗೆ ಬರುತ್ತೇನೆ. ಬಿ.ಎ. ಓದುವವನಿಗೆ ಗ್ಯಾರೇಜಿನ ಉಸಾಬರಿ ಯಾಕೆ? ನಮ್ಮದು ಕಲಾ ಕಾಲೇಜು. ಹಿಂದಿನವರು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸಂಗೀತ, ಕಾವ್ಯಗಳ ಜೊತೆಯಲ್ಲಿಯೇ ಬಡಗಿಯ ಕೆಲಸವೂ ಇದೆ, ಹೊಲಿಗೆ ಹೆಣಿಗೆಗಳೂ ಇವೆ. ನಾವು ಪಟ್ಟಿಯಿಂದ ಕೆಲವನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಗ್ಯಾರೇಜಿಗೆ ಅಟ್ಟಿದ್ದೇವೆ. 'ಕಿನ್ನಾಳ ಕಲೆಯನ್ನು ಕುರಿತು ಟಿಪ್ಪಣಿ ಬರೆಯಿರಿ' ಎಂದರೆ ನಮ್ಮಲ್ಲಿ ಯಾರಾದರೂ ಒಂದು ಪುಟ ಬರೆದು ಅಂಕ ಗಳಿಸಬಲ್ಲೆವು, ನಾನೂ ಗಳಿಸಿದ್ದೇನೆ. ಆ ಪುಟ ಬರೆದಾಗ ನಾನು ಕಿಟ್ಟವನ್ನು ಮುಟ್ಟಿರಲಿಲ್ಲ, ಸದ್ದಿನಿಂದ ಟೊಳ್ಳು ತಿಳಿಯುತ್ತದೆಂದು ಕೇಳಿಯೂ ಇರಲಿಲ್ಲ. ನನ್ನ ಟಿಪ್ಪಣಿಯನ್ನು ಯಾರಾದರೂ ಉಗುರಿನಿಂದ ಬಡಿದು ನೋಡಿದ್ದರೆ ಉದ್ದಕ್ಕೂ ಬೊಳ್ಳಾಗಿಯೇ ಕೇಳುತ್ತಿತ್ತು. ಪರೀಕ್ಷಕರು ಬಡಿಯಲಿಲ್ಲ. ಹುಬ್ಬಿನ ವಿಷಯದಲ್ಲಿ ಹಾಗಲ್ಲ, ಅಲ್ಲಿ ಭತ್ತದ ಟ್ರೇಲರು ಪರೀಕ್ಷಕ.

ಹಣ ಉಳಿಯಿತೇ ಎಂದು ಕೇಳಿದವರಿಗೆ ಸತ್ಯ ಹೇಳಬೇಕು: ಕೆಡಿಸಿದ್ದನ್ನೆಲ್ಲ ಲೆಕ್ಕ ಹಿಡಿದರೆ ಅಂಗಡಿಯ ಬಳೆಗಿಂತ ಮೂರು ಪಟ್ಟು ಖರ್ಚಾಗಿದೆ. ಒಂದು ನೆಲೆಯಲ್ಲಿ ನನ್ನ ಮಿತ್ರನೇ ಗೆದ್ದ. ಹಾಜರಾತಿಯೂ ಕೊಂಚ ಕಡಿಮೆಯಾಗಿದೆ. ಗುರುಗಳು ಈ ಲೇಖನ ಓದಿದರೆ ಕಾರಣ ತಿಳಿದೀತು.

ಮಾನ್ಯ ಪ್ರಾಂಶುಪಾಲರಲ್ಲಿ ಒಂದು ವಿಜ್ಞಾಪನೆ ಮಾತ್ರ ಉಳಿದಿದೆ. ಪ್ರತಿ ವರ್ಷ ನಮ್ಮ ಸಭಾಂಗಣದಲ್ಲಿ ಅನೇಕ ವಿದ್ವಾಂಸರ ಉಪನ್ಯಾಸಗಳಾಗುತ್ತವೆ. ಮುಂದಿನ ವರ್ಷ ಒಂದು ದಿನ ಕಿನ್ನಾಳದ ಆ ಹಿರಿಯರನ್ನು ಕರೆಸಬೇಕು. ಅವರಿಗೆ ಮೈಕು ಬೇಡ, ಮೇಜೂ ಬೇಡ. ನೆಲಕ್ಕೊಂದು ಚಾಪೆ, ಒಂದು ಬೋಗುಣಿ ಅಂಟು, ಸುತ್ತ ಕುಳಿತುಕೊಳ್ಳಲು ನಾವು. ಬಂದವರಿಗೆ ಇತರ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಕೊಡಬೇಕು. ಕರೆತರಲು ಕಾಕಾ ಗಾಡಿ ಕೊಡುತ್ತೇನೆಂದಿದ್ದಾರೆ, ಬಾಡಿಗೆ ಬೇಡವಂತೆ. ಆದರೆ ಕಾರ್ಯಕ್ರಮ ಹಗಲಿನಲ್ಲಿಯೇ ಇರಲಿ. ಎಡಗಣ್ಣಿನ ಹುಬ್ಬು ಮಾತ್ರ ಕೂತಿದೆ. ಬಲಗಣ್ಣಿನದು ಉಜ್ಜಿ ಇಟ್ಟಿದ್ದೇನೆ, ಇನ್ನೂ ಬಣ್ಣವಾಗಿಲ್ಲ. ಎರಡೂ ಕೂತು, ಕೆಳಬೆಳಕನ್ನು ಹೆದ್ದಾರಿಯಲ್ಲಿ ನೋಡಿಯಾಗುವ ತನಕ ಕಾಕಾ ರಾತ್ರಿ ಬಾಡಿಗೆ ಹಿಡಿಯುತ್ತಿಲ್ಲ.